ಬೋಟಿಲ್ಲದ ಬೋಟ್ ಮೇಲ್

ಚೆನ್ನೈಯಿಂದ ರಾಮೇಶ್ವರಕ್ಕೆ ಒಂದು ರಾತ್ರಿ ರೈಲಿದೆ. ಹೆಸರು ಬೋಟ್ ಮೇಲ್. ಇದರಿಂದ ಇಳಿದವರು ದೇವಸ್ಥಾನಕ್ಕೆ ಹೋಗುತ್ತಾರೆ, ಲಾಡ್ಜ್ ಹುಡುಕುತ್ತಾರೆ, ಟೀ ಕುಡಿಯುತ್ತಾರೆ. ಬೋಟು ಮಾತ್ರ ಯಾರೂ ಹತ್ತುವುದಿಲ್ಲ. ಹತ್ತೋಣ ಅಂದರೂ ನಾಲ್ಕು ದಶಕದಿಂದ ಅಲ್ಲಿ ಬೋಟೇ ಇಲ್ಲ.

ಒಂದು ಕಾಲದಲ್ಲಿ ಮದ್ರಾಸಿನಲ್ಲಿ ಕೊಂಡ ಒಂದೇ ಟಿಕೆಟ್ಟಿನಲ್ಲಿ ಕೊಲಂಬೊ ತಲುಪಬಹುದಿತ್ತು. ಮೊದಲು ಜನ ರೈಲಿನಲ್ಲಿ ತೂತ್ತುಕುಡಿಗೆ ಹೋಗಿ, ಅಲ್ಲಿಂದ ಹಡಗು ಹಿಡಿದು ಕೊಲಂಬೊಗೆ ಹೋಗುತ್ತಿದ್ದರು. ಅದು ದೂರದ ದಾರಿ. ರಾಮೇಶ್ವರದ ಆಚೆ ಧನುಷ್ಕೋಡಿಯ ತುದಿಯಿಂದ ಸಿಲೋನ್, ಅಂದರೆ ಈಗಿನ ಶ್ರೀಲಂಕಾ, ಇನ್ನೂ ಹತ್ತಿರ. ಸೇತುವೆ ಕಟ್ಟಿ ರೈಲನ್ನೇ ದಾಟಿಸಿಬಿಡೋಣ ಅನ್ನುವ ಲೆಕ್ಕಾಚಾರವೂ ನಡೆಯಿತು. ಖರ್ಚು ನೋಡಿ ಕೈಬಿಟ್ಟರು. ಸೇತುವೆಯ ಬದಲಿಗೆ ಬಂದದ್ದು ಹಡಗು.

1914ರ ಫೆಬ್ರವರಿ 24ರಂದು ರಾಮೇಶ್ವರ ದ್ವೀಪಕ್ಕೆ ಸಮುದ್ರ ದಾಟಿ ರೈಲು ತರುವ ಪಾಂಬನ್ ಸೇತುವೆ ತೆರೆಯಿತು. ಅದರ ಬೆನ್ನಿಗೇ ಧನುಷ್ಕೋಡಿಯಿಂದ ಸಿಲೋನಿನ ದಡದ ತಲೈಮನ್ನಾರಿಗೆ ಹಡಗು ಶುರುವಾಯಿತು. ಸುಮಾರು 35 ಕಿಲೋಮೀಟರ್ ನೀರು, ಎರಡು ಗಂಟೆಯ ಪ್ರಯಾಣ. ಹಡಗುಗಳು ಸೌತ್ ಇಂಡಿಯನ್ ರೈಲ್ವೆ ಕಂಪನಿಯವು. ಕರ್ಜನ್, ಎಲ್ಗಿನ್, ಹಾರ್ಡಿಂಜ್ ಅಂತ ವೈಸರಾಯ್‌ಗಳ ಹೆಸರು. ದೊರೆಗಳನ್ನು ಮೆಚ್ಚಿಸುವುದರಲ್ಲಿ ಕಂಪನಿ ಹಿಂದೆ ಬಿದ್ದಿರಲಿಲ್ಲ. ಧನುಷ್ಕೋಡಿಯಲ್ಲಿ ಹಳಿ ಸೀದಾ ಹಡಗುಕಟ್ಟೆಯವರೆಗೆ ಹೋಗುತ್ತಿತ್ತು. ರೈಲಿನಿಂದ ಇಳಿದು, ಸಾಮಾನು ಕೂಲಿಯವನ ತಲೆಗೆ ಏರಿಸಿ, ನಾಲ್ಕು ಹೆಜ್ಜೆ ನಡೆದರೆ ಹಡಗು. ಆಚೆ ದಡದಲ್ಲಿ ಇನ್ನೊಂದು ರೈಲು. ಬೆಳೆ ಬೆಳೆಯದ ಆ ಮರಳು ನಾಲಿಗೆಯ ಮೇಲೆ ಸ್ಟೇಷನ್ನು, ಪೋಸ್ಟ್ ಆಫೀಸು, ಕಸ್ಟಮ್ಸ್, ಆಸ್ಪತ್ರೆ, ಶಾಲೆ, ಚರ್ಚು ಎಲ್ಲ ಇದ್ದದ್ದಕ್ಕೆ ಆ ಹಡಗೇ ಕಾರಣ.

ಈ ಹಡಗುಗಳಿಗೆ ತಮ್ಮದೇ ಅಂತ ಒಂದು ಬದುಕು ಇರಲಿಲ್ಲ ಅನ್ನುವುದು ನನ್ನ ವಾದ. ಅವು ರೈಲಿನ ಬಾಲ. ಹಿಂದೆ ಮುಂದೆ ರೈಲು ಇದ್ದದ್ದಕ್ಕೆ, ನಡುವೆ ಕಾಗದಪತ್ರದ ಕಾಟ ಜಾಸ್ತಿ ಇಲ್ಲದ್ದಕ್ಕೆ ಅವು ತುಂಬಿ ಓಡಿದವು.

ತುಂಬಿಸಿದವರು ಯಾರು? ಫಸ್ಟ್ ಕ್ಲಾಸಿನಲ್ಲಿ ಸಾಹೇಬರು ಇದ್ದರು, ಸರಿ. ಹೆಚ್ಚಿನವರು ಮಾತ್ರ ತಮಿಳುನಾಡಿನ ಒಣ ಜಿಲ್ಲೆಗಳಿಂದ ಸಿಲೋನಿನ ಟೀ ತೋಟಗಳಿಗೆ ಹೊರಟ ಬಡ ಕೂಲಿಗಳು. ಅವರನ್ನು ಮೊದಲು ಪಾಂಬನ್ ಸೇತುವೆಯ ಈಚೆಗಿನ ಮಂಟಪಂ ಕ್ಯಾಂಪಿನಲ್ಲಿ ಇಳಿಸುತ್ತಿದ್ದರು. ಕಾಲರಾ, ಸಿಡುಬು ಇಲ್ಲ ಅಂತ ಖಾತ್ರಿಯಾಗುವವರೆಗೆ ಅಲ್ಲೇ ಇರಬೇಕು. ಆಮೇಲೆ ಹಡಗು. ಹೋದವರು ಊರಿಗೆ ಬಂದು ಹೋಗಿ ಮಾಡುತ್ತಿದ್ದರು. ಪರದೇಶ ಅನ್ನುವ ಭಾವನೆ ಜಾಸ್ತಿ ಇದ್ದಂತೆ ಕಾಣುವುದಿಲ್ಲ.

1948ರಲ್ಲಿ ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷದ ಪೌರತ್ವ ಕಾಯ್ದೆ ಈ ತೋಟದ ತಮಿಳರಲ್ಲಿ ಬಹುಪಾಲು ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. ಇವರು ಯಾರವರು ಅಂತ ದೆಹಲಿ, ಕೊಲಂಬೊ ಹದಿನಾರು ವರ್ಷ ಎಳೆದಾಡಿದವು. ಕೊನೆಗೆ 1964ರ ಅಕ್ಟೋಬರ್ 30ರಂದು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆ ಮತ್ತು ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ. ಉಳಿದ 1,50,000 ಜನರ ಮಾತು ಆಮೇಲೆ. ಅಕ್ಕಿ ಮೂಟೆ ಹಂಚಿಕೊಂಡ ಹಾಗೆ.

ಸಹಿಯಾಗಿ ಎರಡು ತಿಂಗಳೂ ಆಗಿರಲಿಲ್ಲ. ಡಿಸೆಂಬರ್ 22ರ ನಡುರಾತ್ರಿ ಧನುಷ್ಕೋಡಿಯ ಮೇಲೆ ಚಂಡಮಾರುತ ಬಂತು. ಪಾಂಬನ್‌ನಿಂದ ಹೊರಟಿದ್ದ 653 ನಂಬರಿನ ಪ್ಯಾಸೆಂಜರ್ ರೈಲು ಊರು ಇನ್ನೇನು ಸಿಕ್ಕಿತು ಅನ್ನುವಾಗ ಅಲೆಗೆ ಸಿಕ್ಕಿತು. ಒಳಗಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಯಾರೂ ಉಳಿಯಲಿಲ್ಲ. ಊರೂ ಉಳಿಯಲಿಲ್ಲ. ಇದು ವಾಸಕ್ಕೆ ತಕ್ಕ ಜಾಗ ಅಲ್ಲ ಅಂತ ಸರ್ಕಾರ ಹೇಳಿಬಿಟ್ಟಿತು. ಈಗ ಹೋದರೆ ಛಾವಣಿ ಇಲ್ಲದ ಚರ್ಚಿನ ಗೋಡೆ, ಸ್ಟೇಷನ್ನಿನ ಅವಶೇಷ, ಪಕ್ಕದಲ್ಲಿ ಚಿಪ್ಪಿನ ಸರ ಮಾರುವ ಅಂಗಡಿಗಳು.

ಹಡಗನ್ನು ಕೊಂದದ್ದು ಈ ಚಂಡಮಾರುತವೇ ಅನ್ನುತ್ತಾರೆ. ಹಾಗಲ್ಲ. ಮುರಿದ ಪಾಂಬನ್ ಸೇತುವೆಯನ್ನು ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ 46 ದಿನದಲ್ಲಿ ರಿಪೇರಿ ಮಾಡಿಸಿದರು. ಮುಂದೆ ನಮ್ಮ ಕರಾವಳಿಗೆ ಕೊಂಕಣ ರೈಲು ತಂದವರು ಇವರೇ. ಹಡಗೂ ಮತ್ತೆ ಓಡಿತು, ಈ ಸಲ ರಾಮೇಶ್ವರದಿಂದ. ಹೆಸರು ರಾಮಾನುಜಂ. ಆದರೆ ಅದರ ಕೆಲಸ ಬದಲಾಗಿತ್ತು. ಒಪ್ಪಂದದ ಪ್ರಕಾರ ಭಾರತಕ್ಕೆ ಬರಬೇಕಾದ ಸಂಸಾರಗಳು ಟ್ರಂಕು, ಪಾತ್ರೆ, ಮಕ್ಕಳನ್ನು ಕಟ್ಟಿಕೊಂಡು ಇದರಲ್ಲೇ ಬಂದವು. ಅಜ್ಜ ಹೋಗುವಾಗ ಇದ್ದ ಮಂಟಪಂ ಕ್ಯಾಂಪಿನಲ್ಲೇ ಮೊಮ್ಮಗ ಬಂದು ಸಾಲಿನಲ್ಲಿ ನಿಂತ. ಎರಡೂ ಕಡೆ ತುಂಬಿ ಓಡುತ್ತಿದ್ದ ಹಡಗು ಹೆಚ್ಚುಕಮ್ಮಿ ಒಂದೇ ಕಡೆಯ ಹಡಗಾಯಿತು.

ಹಾಗೆ ಬಂದವರಲ್ಲಿ ಒಂದಿಷ್ಟು ಜನ ಸುಳ್ಯ, ಪುತ್ತೂರಿಗೂ ಬಂದರು. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಅವರಿಗೆ ಕೆಲಸ, ಮನೆ ಕೊಟ್ಟರು. ಟೀ ಚಿಗುರು ಕೊಯ್ದು ರೂಢಿಯಾದ ಕೈಗೆ ಟ್ಯಾಪಿಂಗ್ ಕತ್ತಿ ಬಂತು. ಬಿಸಿಲೇರುವ ಮೊದಲೇ ಮರ ಗೀರಬೇಕು. ಹೊತ್ತಾದರೆ ಹಾಲು ಇಳಿಯುವುದಿಲ್ಲ. ಅವರ ಮಕ್ಕಳು ಹೊರಗೆ ಕನ್ನಡ, ತುಳು ಮಾತಾಡುತ್ತಾರೆ, ಮನೆಯಲ್ಲಿ ತಮಿಳು. ಜಾತಿ ಪ್ರಮಾಣಪತ್ರಕ್ಕೆ ಆ ಜನ ಎಷ್ಟು ವರ್ಷ ಅಲೆದರು ಅನ್ನುವುದು ಸುಳ್ಯದ ಕಡೆಯವರಿಗೆ ಹೊಸ ಸುದ್ದಿಯಲ್ಲ.

1983ರ ಜುಲೈಯಲ್ಲಿ ತಮಿಳರ ಮೇಲಿನ ಗಲಭೆಗೆ ಕೊಲಂಬೊ ಹೊತ್ತಿ ಉರಿಯಿತು, ಒಳಯುದ್ಧ ಶುರುವಾಯಿತು. ಮುಂದಿನ ವರ್ಷದ ಹೊತ್ತಿಗೆ ಹಡಗು ನಿಂತಿತು. ಜನರ ಓಡಾಟ ನಿಲ್ಲಲಿಲ್ಲ. ರಾತ್ರಿ ಹೊತ್ತು ಮೀನುಗಾರರ ದೋಣಿಯಲ್ಲಿ ನಿರಾಶ್ರಿತರು ಬಂದರು. 2022ರಲ್ಲಿ ಶ್ರೀಲಂಕಾದಲ್ಲಿ ಪೆಟ್ರೋಲು, ಹಾಲಿನ ಪುಡಿ ಸಿಗದಿದ್ದಾಗಲೂ ಬಂದರು. ದೋಣಿಯವರು ಧನುಷ್ಕೋಡಿಯ ಹತ್ತಿರದ ಮರಳುದಿಬ್ಬದ ಮೇಲೆ ಇಳಿಸಿ ವಾಪಸ್ ಹೋಗುತ್ತಿದ್ದರು. ಆ ದಿಬ್ಬದ ಮೇಲೆ ಕೂಸು ಕಟ್ಟಿಕೊಂಡು ಕೂತವರನ್ನು ಕೋಸ್ಟ್ ಗಾರ್ಡ್ ಕರೆತಂದದ್ದುಂಟು.

2009ರಲ್ಲಿ ಆ ಯುದ್ಧ ಮುಗಿದ ಮೇಲೆ ಹಡಗು ಮತ್ತೆ ಬಿಡುವ ಉಮೇದು ಬಂತು. 2011ರ ಜೂನ್ 13ರಂದು ತೂತ್ತುಕುಡಿಯಿಂದ ಕೊಲಂಬೊಗೆ ಸ್ಕೋಷಿಯಾ ಪ್ರಿನ್ಸ್ ಹೊರಟಿತು. ಸಾವಿರಕ್ಕೂ ಹೆಚ್ಚು ಜನ ಹಿಡಿಯುವ ಈ ಹಡಗಿನದೇ ಒಂದು ಕಥೆ. 1972ರಲ್ಲಿ ಹುಟ್ಟಿದ್ದು. ಅಮೆರಿಕದ ಮೇಯ್ನ್‌ನಿಂದ ಕೆನಡಾಕ್ಕೆ ವರ್ಷಗಟ್ಟಲೆ ಓಡಿತ್ತು. 2011ರ ಶುರುವಿನಲ್ಲಿ ಲಿಬಿಯಾದಲ್ಲಿ ಸಿಕ್ಕಿಹಾಕಿಕೊಂಡ ಭಾರತೀಯರನ್ನು ಬೆಂಘಾಜಿಯಿಂದ ಹೊತ್ತು ತಂದಿತ್ತು. ತೂತ್ತುಕುಡಿಯಲ್ಲಿ ಮಾತ್ರ ಜನವೇ ಹತ್ತಲಿಲ್ಲ. ನವೆಂಬರಿಗೆ ನಿಂತಿತು, ಮರುವರ್ಷ ಗುಜರಿಗೆ ಹೋಯಿತು.

ಹನ್ನೆರಡು ವರ್ಷ ಬಿಟ್ಟು ಇನ್ನೊಂದು ಪ್ರಯತ್ನ. ನಾಗಪಟ್ಟಿಣಂನಿಂದ ಜಾಫ್ನಾದ ಕಾಂಕೇಸನ್‌ತುರೈಗೆ 150 ಸೀಟಿನ ಚೆರಿಯಪಾಣಿ ಅನ್ನುವ ಹಡಗು. ಸುಮಾರು 110 ಕಿಲೋಮೀಟರ್, ಟಿಕೆಟ್ಟು ತೆರಿಗೆ ಸೇರಿ 7,670 ರೂಪಾಯಿ. ಮೊದಲ ದಿನ ರಿಯಾಯಿತಿ ಇದ್ದರೂ ಹತ್ತಿದವರು 50 ಜನ. ಚಾಲನೆ ಕೊಟ್ಟದ್ದು 2023ರ ಅಕ್ಟೋಬರ್ 14ಕ್ಕೆ, ಅಂದರೆ ಹಿಂಗಾರು ಬಾಗಿಲಲ್ಲಿ ನಿಂತಿದ್ದಾಗ. ಯಾವ ಮೀನುಗಾರನನ್ನು ಕೇಳಿದ್ದರೂ ಬೇಡ ಅನ್ನುತ್ತಿದ್ದ, ಅಲ್ವಾ? ವಾರದೊಳಗೆ ನಿಲ್ಲಿಸಬೇಕಾಯಿತು. ಮುಂದಿನ ಆಗಸ್ಟ್‌ನಲ್ಲಿ ಖಾಸಗಿಯವರ ಶಿವಗಂಗೈ ಬಂತು. ಅದೂ ಹಿಂಗಾರಿಗೆ ನಿಂತು, 2025ರ ಫೆಬ್ರವರಿಯಲ್ಲಿ ಮತ್ತೆ ಹೊರಟಿತು.

ಪಾಸ್‌ಪೋರ್ಟು, ವೀಸಾ ಇರುವವನಿಗೆ ಚೆನ್ನೈಯಿಂದ ವಿಮಾನವಿದೆ. ಹಡಗು ಬೇಕಾದವನ ಹತ್ತಿರ ಅಷ್ಟು ದುಡ್ಡೂ ಕಾಗದವೂ ಇರುವುದಿಲ್ಲ. ಬಂದರಿಗೆ ಬೆಳಿಗ್ಗೆಯೇ ಬಂದು ಸೇರುವುದು, ಲಗೇಜಿನ ತೂಕ, ಇಳಿದ ಮೇಲೆ ಮುಂದಿನ ಊರಿಗೆ ಬಸ್ಸು, ಎಲ್ಲ ಪ್ರಯಾಣಿಕನ ತಲೆಗೇ.

ಹಳೆಯ ದಾರಿಯ ಎರಡು ತುದಿಯಂತೂ ಈಗ ಹೊಸದಾಗಿವೆ. ಈ ಕಡೆ 2025ರ ಏಪ್ರಿಲ್ 6ರಂದು ಹೊಸ ಪಾಂಬನ್ ಸೇತುವೆ ತೆರೆದು, ಹಳೆಯದನ್ನು ಮುಚ್ಚಿದ್ದರಿಂದ ನಿಂತಿದ್ದ ರೈಲು ರಾಮೇಶ್ವರಕ್ಕೆ ಮತ್ತೆ ಬಂತು. ಆ ಕಡೆ ಯುದ್ಧದಲ್ಲಿ ಹಾಳಾಗಿದ್ದ ತಲೈಮನ್ನಾರ್ ಹಳಿಯನ್ನು ಭಾರತದ ಇರ್ಕಾನ್ ಕಂಪನಿಯೇ ಹಾಕಿಕೊಟ್ಟು, 2015ರ ಮಾರ್ಚ್‌ನಿಂದ ಅಲ್ಲೂ ರೈಲು ಓಡುತ್ತಿದೆ. ಕೊನೆಯ ಸ್ಟೇಷನ್ನಿನ ಹೆಸರು ತಲೈಮನ್ನಾರ್ ಪಿಯರ್. ಪಿಯರ್ ಅಂದರೆ ಹಡಗುಕಟ್ಟೆ. ಕೊಲಂಬೊದಿಂದ ಬಂದ ರೈಲು ಅಲ್ಲಿಯವರೆಗೆ ಬಂದು ಜನರನ್ನು ಇಳಿಸಿ, ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ.