ಇಂಜೆಕ್ಷನ್ ನಿಲ್ಲಿಸಿ ನಾಲ್ಕು ತಿಂಗಳಾಯ್ತು, ಈಗ್ಯಾಕೆ ಭೇದಿ?

ಪ್ರಶ್ನೆ: ಶ್ವಾಸಕೋಶದ ಕ್ಯಾನ್ಸರ್‌ಗೆ ನಮ್ಮ ತಂದೆಯವರಿಗೆ ಪೆಂಬ್ರೊಲಿಝುಮ್ಯಾಬ್ ಕೊಡುತ್ತಿದ್ದರು. ನಿಲ್ಲಿಸಿ ನಾಲ್ಕು ತಿಂಗಳಾಯ್ತು. ಮೂರು ದಿನದಿಂದ ಲೂಸ್ ಮೋಷನ್. ಅದರದ್ದೇನಾ, ಬರೀ ಉಷ್ಣವಾ?

ಅದರದ್ದೇ ಇರಬಹುದು. ಮೊದಲು ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಿ, ಮುಂದಿನದ್ದು ಆಮೇಲೆ ಓದಿ.

ಈ ಪ್ರಶ್ನೆಗೆ ಎಷ್ಟನೇ ಸಲ ಉತ್ತರಿಸುತ್ತಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಬಾಲದಲ್ಲೊಂದು ಮಾತು ಇದ್ದೇ ಇರುತ್ತದೆ: "ಔಷಧಿ ಮೈಯಿಂದ ಹೋಗಿ ಆಯ್ತಲ್ಲ ಡಾಕ್ಟ್ರೇ." ಹೋಗಿರಲಿ. ಕೀಮೋ ಕ್ಯಾನ್ಸರ್ ಕೋಶವನ್ನು ತಾನೇ ಕೊಲ್ಲುತ್ತದೆ. ಇದು ಹಾಗಲ್ಲ. ರೋಗದ ವಿರುದ್ಧ ಹೋರಾಡುವ ನಮ್ಮದೇ ಟಿ ಕೋಶಗಳಿಗಿರುವ (ಒಂದು ಬಗೆಯ ಬಿಳಿ ರಕ್ತಕಣ) ಬ್ರೇಕನ್ನು ಸಡಿಲಿಸುತ್ತದೆ, ಕೊಲ್ಲುವ ಕೆಲಸ ಅವುಗಳದ್ದು. ರಕ್ತದಲ್ಲಿ ಈ ಔಷಧಿ ಅರ್ಧಕ್ಕಿಳಿಯುವುದಕ್ಕೇ ಸುಮಾರು 22 ದಿನ ಬೇಕು. ಪೂರ್ತಿ ಇಳಿದ ಮೇಲೂ ಎದ್ದು ಕೂತ ಕೋಶಗಳು ಮತ್ತೆ ಮಲಗಬೇಕೆಂದೇನಿಲ್ಲ. ಇಂಜೆಕ್ಷನ್ ನಿಲ್ಲಿಸಿ ವರ್ಷವಾದರೂ ಗಡ್ಡೆ ಬೆಳೆದಿಲ್ಲವೆಂದು ಸಿಹಿ ಹಂಚುತ್ತೀರಲ್ಲ, ಅದೂ ಇದೇ ಕಾರಣಕ್ಕೆ. ಗುಣ ಉಳಿಯುತ್ತದೆ, ಅಡ್ಡಪರಿಣಾಮ ಮಾತ್ರ ಉಳಿಯಬಾರದು ಎಂದರೆ ಹೇಗೆ? ಅದೇ ಕೋಶಗಳು ದೊಡ್ಡಕರುಳಿನ ಗೋಡೆಗೆ ಬಿದ್ದರೆ ಉರಿಯೂತ, ಅಂದರೆ ಕೊಲೈಟಿಸ್. ಸಾಮಾನ್ಯವಾಗಿ ಚಿಕಿತ್ಸೆ ನಡೆಯುವಾಗಲೇ ಕಾಣಿಸಿಕೊಳ್ಳುತ್ತದೆ, ಕೆಲವರಿಗೆ ನಿಲ್ಲಿಸಿ ತಿಂಗಳುಗಳಾದ ಮೇಲೆ.

ಒಬ್ಬರ ಮನೆಯಲ್ಲಿ ದಾಳಿಂಬೆ ಸಿಪ್ಪೆ ಕಷಾಯ, ಮಜ್ಜಿಗೆ ಅನ್ನ, ಅಂಗಡಿಯ ಲೋಪೆರಮೈಡ್ ಅಂತ ಎಂಟು ದಿನ ಕಳೆದಿದ್ದರು. ಮಾತ್ರೆಗೆ ಭೇದಿ ಕಡಿಮೆಯಾಗಿತ್ತು, ಕರುಳಿನ ಹುಣ್ಣು ಬೆಳೆಯುತ್ತಲೇ ಇತ್ತು. ಮಗಳು ಮಾತ್ರ ಗೋಡೆ ಕ್ಯಾಲೆಂಡರಿನಲ್ಲಿ ದಿನಕ್ಕೆಷ್ಟು ಸಲ ಎಂದು ಗೀಟು ಹಾಕಿಟ್ಟಿದ್ದಳು. ಡಾಕ್ಟರಿಗೆ ಬೇಕಾದದ್ದು ಅದೇ. ದಿನಕ್ಕೆ ಮಾಮೂಲಿಗಿಂತ ನಾಲ್ಕು ಸಲ ಹೆಚ್ಚು ಹೋದರೆ ತೀವ್ರತೆಯಲ್ಲಿ ಎರಡನೇ ದರ್ಜೆ, ಏಳು ಸಲ ಹೆಚ್ಚಾದರೆ ಇನ್ನೂ ಗಂಭೀರವಾದ ಮೂರನೆಯದು. ರಕ್ತ, ಜ್ವರ, ಹೊಟ್ಟೆನೋವು ಇದ್ದರೆ ಎಣಿಸುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಸೋಂಕು ಇಲ್ಲವೆಂದು ತಿಳಿಯಲು ಮಲಪರೀಕ್ಷೆ, ಬೇಕಾದರೆ ಕ್ಯಾಮೆರಾ ಹಾಕಿ ಬಯಾಪ್ಸಿ, ಆಮೇಲೆ ಸ್ಟೀರಾಯ್ಡ್. ಅದನ್ನು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ಹಗುರಾಯ್ತೆಂದು ನೀವೇ ಬಿಟ್ಟರೆ ಕೊಲೈಟಿಸ್ ಮರಳಬಹುದು.

ಯಾರೂ ಕೇಳದ ಇನ್ನೊಂದು ವಿಷಯ. ಭೇದಿಗೆ ಹೋದವರಿಗೆ ಟಿಬಿ ಪರೀಕ್ಷೆ ಯಾಕೆ? ಬಿಲ್ ಏರಿಸಲಿಕ್ಕಲ್ಲ. ಮೂರರಿಂದ ಐದು ದಿನದಲ್ಲಿ ಸ್ಟೀರಾಯ್ಡ್‌ಗೆ ಬಗ್ಗದಿದ್ದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧಿ ಬೇಕಾಗಬಹುದು. ಅದು ಒಳಗೆ ಅಡಗಿರುವ ಕ್ಷಯವನ್ನು ಎಬ್ಬಿಸಬಲ್ಲದು. ನಮ್ಮ ದೇಶದಲ್ಲಿ ಹಾಗೆ ಅಡಗಿಸಿಕೊಂಡವರಿಗೇನು ಕಡಿಮೆಯೇ? ಹೆಪಟೈಟಿಸ್ ಬಿ ಪರೀಕ್ಷೆಯೂ ಅದಕ್ಕೇ. ಮೊದಲ ದಿನವೇ ರಕ್ತ ಕಳಿಸಿದ್ದರೆ, ಐದನೇ ದಿನ ರಿಪೋರ್ಟಿಗೆ ಕಾಯಬೇಕಾಗಿಲ್ಲ.