ನಾಯಿಗಳ ಮೊಣಕೈ ಕೀಲಿನ ಆನುವಂಶಿಕ ದೋಷ: ರೋಗನಿರ್ಣಯದ ಟಿಪ್ಪಣಿ

ಲ್ಯಾಬ್ರಡಾರ್, ರಾಟ್‌ವೈಲರ್, ಜರ್ಮನ್ ಶೆಫರ್ಡ್, ಬರ್ನೀಸ್ ಮೌಂಟೇನ್ ಡಾಗ್‌ನಂತಹ ಬೇಗ ಬೆಳೆಯುವ ದೊಡ್ಡ ತಳಿಯ ಮರಿಯೊಂದು ನಾಲ್ಕರಿಂದ ಎಂಟು ತಿಂಗಳ ವಯಸ್ಸಿನಲ್ಲಿ ಮುಂಗಾಲು ಕುಂಟತೊಡಗಿದರೆ, ನಮ್ಮ ಮೊದಲ ಅನುಮಾನಗಳಲ್ಲಿ ಎಲ್ಬೋ ಡಿಸ್‌ಪ್ಲೇಸಿಯಾ (ಮೊಣಕೈ ಕೀಲು ಸರಿಯಾಗಿ ಬೆಳೆಯದಿರುವ ಆನುವಂಶಿಕ ದೋಷ) ಇರಲೇಬೇಕು. ದೋಷ ಎರಡೂ ಕಾಲುಗಳಲ್ಲಿರುವುದು ಸಾಮಾನ್ಯ. ಹಾಗಿದ್ದಾಗ ಮರಿ ಸ್ಪಷ್ಟವಾಗಿ ಕುಂಟದೆ ಹೆಜ್ಜೆಯನ್ನಷ್ಟೇ ಗಿಡ್ಡವಾಗಿಸಬಹುದು, ಬೇಗ ಕುಳಿತುಬಿಡಬಹುದು. ಅದನ್ನು ಮನೆಯವರು ಸೋಮಾರಿತನವೆಂದು ತಿಳಿಯುವ ಸಾಧ್ಯತೆಯಿರುವುದರಿಂದ ಎರಡೂ ಮೊಣಕೈಗಳನ್ನು ಪರೀಕ್ಷಿಸುವುದು ಅಗತ್ಯ.

ಇದು ಹಲವು ದೋಷಗಳ ಗುಂಪು. ಮುಂಗೈಯ ಎರಡು ಮೂಳೆಗಳಲ್ಲಿ ಒಂದಾದ ಅಲ್ನಾದ ಒಳಬದಿಯ ಕೊರೊನಾಯ್ಡ್ ಎಂಬ ಚಾಚಿಕೆ ಬಿರಿಯುವುದು ಅಥವಾ ತುಂಡಾಗುವುದು, ಅಲ್ನಾದ ಮೇಲ್ಭಾಗದ ಆಂಕೋನಿಯಲ್ ಎಂಬ ಚಾಚಿಕೆ ಅದರೊಂದಿಗೆ ಬೆಸೆಯದೆ ಉಳಿಯುವುದು, ಹ್ಯೂಮರಸ್‌ನ (ಮೇಲ್ತೋಳಿನ ಮೂಳೆ) ಕೆಳತುದಿಯ ಮೃದ್ವಸ್ಥಿ ಪದರವಾಗಿ ಬಿಡಿಸಿಕೊಳ್ಳುವುದು, ಕೀಲಿನ ಮೂರು ಮೂಳೆಗಳು (ಹ್ಯೂಮರಸ್, ಅಲ್ನಾ ಮತ್ತು ಅದರ ಜೊತೆಗಿನ ರೇಡಿಯಸ್) ಒಂದಕ್ಕೊಂದು ಸರಿಯಾಗಿ ಹೊಂದದಿರುವುದು ಇವೆಲ್ಲ ಇದರಲ್ಲಿ ಸೇರುತ್ತವೆ.

ಕೈಯಿಂದ ಪರೀಕ್ಷಿಸುವಾಗ ಮೊಣಕೈಯನ್ನು ಪೂರ್ತಿ ಚಾಚಿ, ಮಡಿಸಿ, ಅನಂತರ ಮಡಿಸಿದ ಸ್ಥಿತಿಯಲ್ಲೇ ಪಾದವನ್ನು ಒಳಗೂ ಹೊರಗೂ ತಿರುಗಿಸಿ ನೋವನ್ನು ಗಮನಿಸಬೇಕು. ಕೀಲಿನ ಹೊರಬದಿಯ ಉಬ್ಬು ದ್ರವ ಸೇರಿರುವುದನ್ನು ಸೂಚಿಸುತ್ತದೆ. ಕೀಲಿಗಿಂತ ಮೂಳೆಯ ನಡುಭಾಗವನ್ನು ಒತ್ತಿದಾಗ ಹೆಚ್ಚು ನೋವಾದರೆ ಪ್ಯಾನೊಸ್ಟಿಯೈಟಿಸ್ (ಬೆಳೆಯುವ ಮರಿಗಳ ಉದ್ದ ಮೂಳೆಗಳಲ್ಲಿ ನೋವುಂಟುಮಾಡುವ ರೋಗ) ಇರಬಹುದು; ಜರ್ಮನ್ ಶೆಫರ್ಡ್ ಮರಿಗಳಲ್ಲಿ ಇವೆರಡೂ ಒಟ್ಟಿಗೇ ಇರಬಲ್ಲವು.

ಎಕ್ಸ್‌ರೇ ಓದುವಾಗ ಹೆಚ್ಚಿನ ಎಚ್ಚರ ಬೇಕು. ಮೊಣಕೈಯನ್ನು ಚೆನ್ನಾಗಿ ಮಡಿಸಿ ಪಕ್ಕದಿಂದ ತೆಗೆದ ಚಿತ್ರದಲ್ಲಿ ಆಂಕೋನಿಯಲ್ ಚಾಚಿಕೆಯ ಮೇಲಂಚು ಸ್ಪಷ್ಟವಾಗಿ ಕಾಣುತ್ತದೆ, ಹೊಸ ಮೂಳೆಮುಳ್ಳುಗಳು ಮೊದಮೊದಲು ಮೂಡುವುದೂ ಅಲ್ಲಿಯೇ. ಆ ಚಾಚಿಕೆ ಸಹಜವಾಗಿ ಬೆಸೆಯಲು ಸುಮಾರು 20 ವಾರಗಳು ಬೇಕಾಗಬಹುದಾದ್ದರಿಂದ, ಅದಕ್ಕೂ ಮುನ್ನ ಕಂಡ ಸೀಳುಗೆರೆಯನ್ನು ರೋಗವೆಂದು ಹೇಳಬಾರದು. ಕೊರೊನಾಯ್ಡ್ ತುಂಡಂತೂ ರೇಡಿಯಸ್ ಮೂಳೆಯ ನೆರಳಿನೊಂದಿಗೆ ಬೆರೆತು ನೇರವಾಗಿ ಕಾಣುವುದೇ ಅಪರೂಪ. ಅದರ ಮುಂದಂಚು ಮಸುಕಾಗಿದೆಯೇ, ಅಲ್ನಾದ ಕುಳಿಯ ಕೆಳಗಿನ ಮೂಳೆ ಅತಿಯಾಗಿ ಬೆಳ್ಳಗೆ ಗಟ್ಟಿಯಾಗಿದೆಯೇ ಎಂದು ನೋಡಬೇಕು. ಎಕ್ಸ್‌ರೇ ಶುದ್ಧವಾಗಿದ್ದರೂ ನೋವು ಉಳಿದಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಿಸುವುದು ಸರಿಯಾದ ಮುಂದಿನ ಹೆಜ್ಜೆ. ಮೃದ್ವಸ್ಥಿಯ ಸವೆತವನ್ನು ನೇರವಾಗಿ ಕಾಣಲು ಆರ್ತ್ರೋಸ್ಕೋಪಿ (ಕೀಲಿನೊಳಗೆ ಸಣ್ಣ ಕ್ಯಾಮೆರಾ ತೂರಿಸಿ ನೋಡುವ ವಿಧಾನ) ಬೇಕು.

1989ರಲ್ಲಿ ರೂಪುಗೊಂಡ ಇಂಟರ್‌ನ್ಯಾಷನಲ್ ಎಲ್ಬೋ ವರ್ಕಿಂಗ್ ಗ್ರೂಪ್‌ನ ಪದ್ಧತಿಯಲ್ಲಿ ಮೂಳೆಮುಳ್ಳು 2 ಮಿ.ಮೀ.ಗಿಂತ ಚಿಕ್ಕದಿದ್ದರೆ 1ನೇ ಶ್ರೇಣಿ, 2ರಿಂದ 5 ಮಿ.ಮೀ. ಇದ್ದರೆ 2ನೇ ಶ್ರೇಣಿ. ಅದಕ್ಕೂ ದೊಡ್ಡದಿದ್ದರೆ ಅಥವಾ ಮೂಲ ದೋಷವೇ ಸ್ಪಷ್ಟವಾಗಿ ಕಂಡರೆ 3ನೇ ಶ್ರೇಣಿ. ಸಂತಾನಾಭಿವೃದ್ಧಿಗಾಗಿ ಮಾಡುವ ಈ ಶ್ರೇಣೀಕರಣಕ್ಕೆ ನಾಯಿಗೆ ಕನಿಷ್ಠ 12 ತಿಂಗಳು ತುಂಬಿರಬೇಕು. ಅನೇಕ ಜೀನ್‌ಗಳ ಜೊತೆಗೆ ಆಹಾರ ಮತ್ತು ಬೆಳವಣಿಗೆಯ ವೇಗವೂ ಸೇರಿ ಈ ರೋಗ ರೂಪುಗೊಳ್ಳುವುದರಿಂದ, ಶೂನ್ಯ ಶ್ರೇಣಿ (ಎಕ್ಸ್‌ರೇಯಲ್ಲಿ ದೋಷದ ಗುರುತಿಲ್ಲ) ಪಡೆದ ನಾಯಿಯೂ ದೋಷವನ್ನು ಮರಿಗಳಿಗೆ ದಾಟಿಸಬಹುದು. ಹಾಗಾಗಿ ತಳಿಗೆ ಆಯ್ಕೆಮಾಡುವ ನಾಯಿಯ ಎಕ್ಸ್‌ರೇ ಜೊತೆಗೆ ಅದರ ತಂದೆತಾಯಿ, ಒಡಹುಟ್ಟಿದವು ಮತ್ತು ಈಗಾಗಲೇ ಹುಟ್ಟಿದ ಮರಿಗಳ ಫಲಿತಾಂಶಗಳನ್ನೂ ಕೇಳಿ ಪಡೆಯಬೇಕು.