ಹಳಿಯಾಳ ರಸ್ತೆಯ ಗಡವ, 37 ವರ್ಷದ ಜಗಳ

ಧಾರವಾಡದಲ್ಲಿ ಮುಸುವಗಳನ್ನು ಯಾರೂ ನಿಂತು ನೋಡುವುದಿಲ್ಲ. ಬಾಲ ಇಳಿಬಿಟ್ಟುಕೊಂಡು ಕಾಂಪೌಂಡ್ ಮೇಲೆ ಸಾಲಾಗಿ ಕೂತಿರುತ್ತವೆ, ಮುಖಕ್ಕೆ ಮಸಿ ಬಳಿದ ಹಾಗೆ. ಹಿತ್ತಲಿನ ಪೇರಲಕ್ಕೆ ಕೈ ಹಾಕಿದರೆ 'ಏ ಮಂಗ್ಯಾ' ಅಂತ ಕೋಲು ಮೇಲೇಳುತ್ತದೆ. ಶನಿವಾರ ಅದೇ ಕೈ ಬಾಳೆಹಣ್ಣು ಕೊಡುತ್ತದೆ, ಹನುಮಪ್ಪನ ಕಡೆಯವು ಅಲ್ವಾ! ಆದರೆ ಕೋತಿಗಳ ನಡವಳಿಕೆ ಓದುವವರನ್ನು ಯಾವ ದೇಶದಲ್ಲಾದರೂ ಕೇಳಿ, ಧಾರವಾಡದ ಹೆಸರು ಗೊತ್ತಿರುತ್ತದೆ. ಪೇಡಾದಿಂದಲ್ಲ. ಈ ಊರಿನ ಪಕ್ಕದ ಕಾಡಿನಲ್ಲಿ 1962ರಲ್ಲಿ ಒಂದು ಗಡವ, ಅಂದರೆ ದೊಡ್ಡ ಗಂಡು ಮುಸುವ, ಮಾಡಿದ ಕೆಲಸದಿಂದ.

ಕಥೆ ಶುರುವಾಗುವುದು ಅದಕ್ಕೂ ಒಂದು ವರ್ಷ ಮೊದಲು. ಜಪಾನಿನ ಯುಕಿಮಾರು ಸುಗಿಯಾಮ ಎಂಬ ಯುವ ವಿಜ್ಞಾನಿ 1961ರಲ್ಲಿ ಧಾರವಾಡಕ್ಕೆ ಬಂದರು. ಕೆಂಜಿ ಯೋಶಿಬಾ ಮತ್ತು ನಮ್ಮವರೇ ಆದ ಎಂ. ಡಿ. ಪಾರ್ಥಸಾರಥಿ ಜೊತೆಗಿದ್ದರು. ಹಳಿಯಾಳಕ್ಕೆ ಹೋಗುವ ರಸ್ತೆಯ ಅಕ್ಕಪಕ್ಕದ ಕಾಡೇ ಅವರ ಪ್ರಯೋಗಶಾಲೆ. ಜಪಾನಿನವರದ್ದು ಆಗ ಒಂದು ವಿಚಿತ್ರ ಪದ್ಧತಿ. ಪ್ರತಿ ಕೋತಿಯನ್ನೂ ಮುಖ ನೋಡಿ ಗುರುತು ಹಿಡಿಯುವುದು, ಇದು ಯಾರ ಮಗಳು, ಅದು ಯಾರ ತಮ್ಮ ಅಂತ ವರ್ಷಗಟ್ಟಲೆ ಬರೆದಿಡುವುದು. ನಮ್ಮ ಹಳ್ಳಿಯಲ್ಲಿ ದನ ಕಾಯುವವರು ಮಾಡುವುದೂ ಇದನ್ನೇ. 1953ರಲ್ಲಿ ಅವರ ಕೊಶಿಮಾ ದ್ವೀಪದ ಹೆಣ್ಣು ಕೋತಿಯೊಂದು ಗೆಣಸನ್ನು ನೀರಲ್ಲಿ ತೊಳೆದು ತಿನ್ನಲು ಕಲಿತದ್ದು, ಅದನ್ನು ನೋಡಿ ಉಳಿದವೂ ಕಲಿತದ್ದು, ಎಲ್ಲ ಸಿಕ್ಕಿದ್ದು ಹೀಗೆ ಮುಖ ನೆನಪಿಟ್ಟುಕೊಂಡಿದ್ದರಿಂದಲೇ. ಪಶ್ಚಿಮದ ವಿಜ್ಞಾನಿಗಳಿಗೆ ಇದು ಆಗ ಸ್ವಲ್ಪ ಬಾಲಿಶ ಅನ್ನಿಸುತ್ತಿತ್ತು.

ಮುಸುವದ ಬಗ್ಗೆ ಅಲ್ಲಿಯವರೆಗೆ ಇದ್ದ ಚಿತ್ರ ತಣ್ಣಗಿನದು. ಅಮೆರಿಕದ ಫಿಲಿಸ್ ಜೇ 1950ರ ದಶಕದ ಕೊನೆಯಲ್ಲಿ ಉತ್ತರ ಮತ್ತು ಮಧ್ಯ ಭಾರತದಲ್ಲಿ ನೋಡಿದ್ದು ಸಾಧು ಹಿಂಡುಗಳನ್ನು. ಅದು ಸುಳ್ಳೂ ಅಲ್ಲ. ಒಂದು ಮಧ್ಯಾಹ್ನ ಸುಮ್ನೆ ಕೂತು ನೋಡಿ, ನಿಮಗೂ ಕಾಣುತ್ತದೆ. ದೊಡ್ಡ ಮುಸುವ ಬೂದು ಬಣ್ಣ, ಆಗಷ್ಟೇ ಹುಟ್ಟಿದ ಮರಿ ಮಾತ್ರ ಕಪ್ಪು. ಆ ಕರಿ ಮರಿ ತಾಯಿಯ ಹತ್ತಿರವೇ ಇರುವುದಿಲ್ಲ. ಚಿಕ್ಕಮ್ಮ ಎಳೆದುಕೊಳ್ಳುತ್ತಾಳೆ, ಅವಳಿಂದ ಇನ್ನೊಬ್ಬಳು. ಇನ್ನೂ ಮರಿ ಹಾಕದ ಎಳೆ ಹುಡುಗಿಯೊಬ್ಬಳು ತಲೆಕೆಳಗಾಗಿ ಹಿಡಿದುಕೊಂಡು ಕೂರುತ್ತಾಳೆ. ಮರಿ ಚೀರಿದಾಗ ತಾಯಿ ಬಂದು ಕಿತ್ತುಕೊಳ್ಳುತ್ತಾಳೆ. ನಾಮಕರಣದ ಮನೆಯಲ್ಲಿ ಕೂಸು ಕೈಯಿಂದ ಕೈಗೆ ಹೋಗುತ್ತದಲ್ಲ, ಥೇಟ್ ಹಾಗೆ. ಗಡವ ಇದ್ಯಾವುದೂ ತನಗೆ ಸಂಬಂಧವಿಲ್ಲ ಅನ್ನುವಂತೆ ದೂರದ ಕೊಂಬೆ ಮೇಲೆ ಕೂತಿರುತ್ತದೆ.

ಧಾರವಾಡದ ಬಹುತೇಕ ಹಿಂಡುಗಳಲ್ಲಿ ದೊಡ್ಡ ಗಂಡು ಒಂದೇ. ಉಳಿದ ಗಂಡುಗಳು ತಮ್ಮದೇ ಪುಂಡರ ಗುಂಪು ಕಟ್ಟಿಕೊಂಡು ಅಲೆಯುತ್ತವೆ. 1962ರಲ್ಲಿ ಅಂಥ ಏಳು ಗಂಡುಗಳ ಗುಂಪೊಂದು ಒಂದು ಹಿಂಡಿನ ಮೇಲೆ ಬಿತ್ತು. ಹಳೆಯ ಗಡವವನ್ನು ಓಡಿಸಿದವು. ಆಮೇಲೆ ಏಳರಲ್ಲಿ ಒಂದು ತನ್ನ ಜೊತೆಗಾರರನ್ನೂ ಅಟ್ಟಿ ಹಿಂಡನ್ನು ತನ್ನದಾಗಿಸಿಕೊಂಡಿತು. ಇಲ್ಲಿಗೆ ಮುಗಿದಿದ್ದರೆ ಅದು ಮಾಮೂಲಿ ಗದ್ದುಗೆ ಜಗಳ. ಹೊಸ ಗಡವ ಹಾಲು ಕುಡಿಯುವ ಮರಿಗಳನ್ನು ಕಚ್ಚತೊಡಗಿತು. ಮರಿಗಳು ಒಂದೊಂದಾಗಿ ಹೋದವು. ಮರಿ ಕಳೆದುಕೊಂಡ ತಾಯಂದಿರು ಬೇಗನೆ ಬೆದೆಗೆ ಬಂದು ಅದೇ ಗಡವದ ಜೊತೆ ಕೂಡಿದವು.

ಸುಗಿಯಾಮ ಇದು ಆಕಸ್ಮಿಕವೋ ಅಲ್ಲವೋ ಅಂತ ಪರೀಕ್ಷಿಸಲು ಇನ್ನೊಂದು ಹಿಂಡಿನ ಗಡವವನ್ನು ತಾವೇ ಹಿಡಿದು ಹೊರಗಿಟ್ಟರು. ಪಕ್ಕದ ಹಿಂಡಿನ ಗಂಡು ಬಂತು, ಅಲ್ಲೂ ಮರಿಗಳು ಸತ್ತವು. ನನ್ನನ್ನು ಕೇಳಿದರೆ, ಈ ಪ್ರಯೋಗ ಓದುವಾಗ ಹೊಟ್ಟೆ ತೊಳಸುತ್ತದೆ. ಆ ಮರಿಗಳ ಸಾವಿನಲ್ಲಿ ಗಡವದ ಹಲ್ಲಿನ ಜೊತೆ ಮನುಷ್ಯನ ಕೈಯೂ ಇತ್ತು.

1965ರ ಸುಮಾರಿಗೆ ವರದಿಗಳು ಅಚ್ಚಾದವು. ಆದರೆ ಅವನ್ನು ಎಲ್ಲಿಡುವುದು ಅಂತ ಯಾರಿಗೂ ತಿಳಿಯಲಿಲ್ಲ. ತನ್ನದೇ ಜಾತಿಯ ಮರಿಯನ್ನು ಕೊಲ್ಲುವುದು ಮನುಷ್ಯನಿಗೆ ಮಾತ್ರ ಅಂಟಿದ ರೋಗ, ಪ್ರಾಣಿಗಳು ಹಾಗಲ್ಲ ಅನ್ನುವುದು ಆ ಕಾಲದ ನಂಬಿಕೆ. ಹಾಗಾಗಿ ಸುಲಭದ ಉತ್ತರ ಒಂದು ಸಿಕ್ಕಿತು. ಧಾರವಾಡದಲ್ಲಿ ಮುಸುವಗಳು ಜಾಸ್ತಿ, ಜಾಗ ಕಡಿಮೆ, ಜನರ ಕಾಟ ಬೇರೆ. ಇಕ್ಕಟ್ಟಿನಲ್ಲಿ ತಲೆ ಕೆಟ್ಟಿದೆ, ಅಷ್ಟೇ.

ಆ ಉತ್ತರವನ್ನೇ ಪರೀಕ್ಷಿಸಲು ಹಾರ್ವರ್ಡ್‌ನ ವಿದ್ಯಾರ್ಥಿನಿ ಸಾರಾ ಹರ್ಡಿ 1971ರಲ್ಲಿ ರಾಜಸ್ಥಾನದ ಮೌಂಟ್ ಅಬುಗೆ ಬಂದರು. ಇಕ್ಕಟ್ಟೇ ಕಾರಣ ಅಂತ ನಂಬಿಕೊಂಡೇ ಬಂದವರು. ನೋಡುತ್ತಾ ಹೋದಂತೆ ಲೆಕ್ಕ ತಪ್ಪಿತು. ಮರಿಗಳು ಕಾಣೆಯಾಗುತ್ತಿದ್ದದ್ದು ಹಿಂಡು ದೊಡ್ಡದಾದಾಗ ಅಲ್ಲ, ಗಡವ ಬದಲಾದಾಗ. ಅದರ ಹಿಂದಿನ ಗಣಿತ ತಣ್ಣಗೆ ಭಯ ಹುಟ್ಟಿಸುವಂಥದ್ದು. ಮುಸುವ ಮರಿ ಹೊರುವುದು ಸುಮಾರು 200 ದಿನ, ಹಾಲುಣಿಸುವುದು ವರ್ಷಕ್ಕೂ ಮೇಲೆ. ಹಾಲು ಕುಡಿಸುವಷ್ಟು ದಿನ ತಾಯಿ ಸಾಮಾನ್ಯವಾಗಿ ಬೆದೆಗೆ ಬರುವುದಿಲ್ಲ. ಗಡವದ ಗದ್ದುಗೆಯೋ ಹೆಚ್ಚಾಗಿ ಎರಡು ಮೂರು ವರ್ಷದ್ದು, ನಮ್ಮ ಮುಖ್ಯಮಂತ್ರಿಗಳ ಹಾಗೆ. ಇನ್ನೊಬ್ಬರ ಮರಿ ಹಾಲು ಬಿಡುವ ತನಕ ಕಾದರೆ ತನ್ನ ಮರಿ ದೊಡ್ಡದಾಗುವ ಹೊತ್ತಿಗೆ ತಾನೇ ಇರುವುದಿಲ್ಲ. ಗಡವ ಇದನ್ನೆಲ್ಲ ಕೂತು ಯೋಚಿಸುತ್ತದೆ ಅಂತಲ್ಲ. ಹಾಗೆ ನಡೆದುಕೊಂಡ ಗಡವಗಳ ಸಂತಾನ ಹೆಚ್ಚು ಉಳಿಯಿತು, ಗುಣವೂ ಉಳಿಯಿತು ಅನ್ನುವುದು ವಾದ. 1977ರಲ್ಲಿ ಹರ್ಡಿ ಅಬುವಿನ ಮುಸುವಗಳ ಬಗ್ಗೆ ಪುಸ್ತಕವನ್ನೇ ಬರೆದರು.

ಜಗಳ ಹತ್ತಿಕೊಂಡಿತು. ಫಿಲಿಸ್ ಜೇ (ಆ ಹೊತ್ತಿಗೆ ಅವರು ಫಿಲಿಸ್ ಡೋಲ್ಹಿನೋ) ಒಪ್ಪಲೇ ಇಲ್ಲ. ಧಾರವಾಡ, ಅಬು, ಇಂಥದ್ದೇ ವರದಿ ಬಂದಿದ್ದ ಜೋಧಪುರ ಎಲ್ಲವೂ ಜನ ಓಡಾಡುವ, ತಿನಿಸು ಹಾಕುವ, ಮರ ಕಡಿದ ಜಾಗಗಳು, ಅಲ್ಲಿಯ ಕೋತಿಯನ್ನು ನೋಡಿ ಕೋತಿಯ ಸ್ವಭಾವ ಹೇಳಬೇಡಿ ಅಂದರು. ಹರ್ಡಿಯ ಉತ್ತರ: ಭಾರತದಲ್ಲಿ ಮನುಷ್ಯ ಮತ್ತು ಮುಸುವ ಸಾವಿರಾರು ವರ್ಷದಿಂದ ಅಕ್ಕಪಕ್ಕದಲ್ಲೇ ಇದ್ದಾರೆ, ಇದರಲ್ಲಿ ಹೊಸದೇನಿದೆ? ಧಾರವಾಡದಲ್ಲಿ ಬೆಳೆದವರಿಗೆ ಈ ಮಾತು ಥಟ್ಟನೆ ಹಿಡಿಸುತ್ತದೆ. ಆದರೂ ಎದುರಾಳಿಗಳ ಇನ್ನೊಂದು ಪ್ರಶ್ನೆ ಗಟ್ಟಿಯಾಗಿತ್ತು. ಗಡವ ಮರಿಯನ್ನು ಕೊಲ್ಲುವುದನ್ನು ಕಣ್ಣಾರೆ ಕಂಡವರು ಎಷ್ಟು ಜನ? ಬಹುಪಾಲು 'ನಿನ್ನೆ ಇತ್ತು, ಇವತ್ತು ಇಲ್ಲ' ಅನ್ನುವ ಲೆಕ್ಕ. 1993ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಸಸ್‌ಮನ್ ಮತ್ತು ಜೊತೆಗಾರರು ಪ್ರಕಟವಾದ ಪ್ರಕರಣಗಳನ್ನೆಲ್ಲ ಜಾಲಾಡಿ ಇದನ್ನೇ ಕೇಳಿದರು.

ಅಷ್ಟರಲ್ಲಿ ಜಗತ್ತಿನ ಬೇರೆ ಕಡೆಯಿಂದಲೂ ಪ್ರಾಣಿಗಳು ತಮ್ಮ ಜಾತಿಯವನ್ನೇ ಕೊಲ್ಲುವ ಸುದ್ದಿ ಬರತೊಡಗಿತ್ತು. ಸಿಂಹ, ಗೊರಿಲ್ಲಾ, ಚಿಂಪಾಂಜಿ. ಜೇನ್ ಗುಡಾಲ್ ಚಿಂಪಾಂಜಿಗಳನ್ನು ಅಧ್ಯಯನ ಮಾಡುತ್ತಿದ್ದ ಆಫ್ರಿಕಾದ ಗೊಂಬೆ (Gombe) ಎಂಬ ಕಾಡಿನಲ್ಲಿ 1974ರಿಂದ ಚಿಂಪಾಂಜಿಗಳ ಎರಡು ಗುಂಪುಗಳ ನಡುವೆ ವರ್ಷಗಟ್ಟಲೆ ಕೊಲೆಗಳು ನಡೆದಿದ್ದವು. ಸುಗಿಯಾಮ ಕೂಡ ಆಫ್ರಿಕಾದ ಗಿನಿ ದೇಶಕ್ಕೆ ಹೋಗಿ ಬೊಸ್ಸೂ ಎಂಬ ಹಳ್ಳಿಯ ಚಿಂಪಾಂಜಿಗಳ ಬೆನ್ನು ಹತ್ತಿದ್ದರು, ಕಲ್ಲಿನಿಂದ ಕಾಯಿ ಒಡೆಯುವ ಚಿಂಪಾಂಜಿಗಳು ಅವು.

ತಕರಾರಿಗೆ ದೊಡ್ಡ ಪೆಟ್ಟು ಕೊಟ್ಟಿದ್ದು 1999ರಲ್ಲಿ, ನೇಪಾಳದ ರಾಮನಗರದ ಮುಸುವಗಳ ಡಿಎನ್‌ಎ. ಕರೋಲಾ ಬೊರೀಸ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಮರಿಗಳ ಅಪ್ಪ ಯಾರು ಅಂತ ನೋಡಿದರು. ದಾಳಿ ಮಾಡಿದ ಗಂಡು ಯಾವ ಪ್ರಕರಣದಲ್ಲೂ ಆ ಮರಿಯ ಅಪ್ಪನಾಗಿರಲಿಲ್ಲ. ತಲೆ ಕೆಟ್ಟ ಪ್ರಾಣಿ ಇಷ್ಟು ಆರಿಸಿ ಕಚ್ಚುವುದಿಲ್ಲ.

ಈ ಇಡೀ ಜಗಳದಲ್ಲಿ ಎಲ್ಲರೂ ಗಡವವನ್ನೇ ನೋಡುತ್ತಿದ್ದರು. ಹರ್ಡಿ ಮಾತ್ರ ಹೆಣ್ಣುಗಳ ಕಡೆ ತಿರುಗಿದ್ದರು. ಅಬುವಿನಲ್ಲಿ ಮರಿ ಹಾಕುವ ವಯಸ್ಸು ದಾಟಿದ ಮುದುಕಿಯರು ತಮಗಿಂತ ಬಹಳ ಬಲವಿದ್ದ ಗಂಡಿನ ಮೇಲೆ ಬಿದ್ದು ಮರಿ ಬಿಡಿಸಿಕೊಳ್ಳಲು ನೋಡುತ್ತಿದ್ದವು. ಹೊಟ್ಟೆಯಲ್ಲಿ ಮರಿ ಇದ್ದ ಹೆಣ್ಣುಗಳು ಹೊಸ ಗಡವದ ಜೊತೆ ಕೂಡುತ್ತಿದ್ದವು. ಮುಂದೆ ಹುಟ್ಟುವ ಮರಿ ತನ್ನದೇ ಇರಬಹುದು ಅಂತ ಅದು ಸುಮ್ಮನಿರಲಿ ಅನ್ನುವ ಉಪಾಯ ಅದು ಎಂದು ಹರ್ಡಿ ಅರ್ಥ ಮಾಡಿದರು. ಅವರ ಮುಂದಿನ ಕೆಲಸವೆಲ್ಲ ಈ ತಾಯಂದಿರ ಸುತ್ತಲೇ ನಡೆಯಿತು.

ಇದನ್ನೆಲ್ಲ ಓದಿದ ಮೇಲೆ ನಾನು ನೋಡುವ ರೀತಿಯೇ ಬದಲಾಗಿದೆ. ಧಾರವಾಡಕ್ಕೆ ಹೋದಾಗ ಗೋಡೆ ಮೇಲೆ ಹಿಂಡು ಕಂಡರೆ ಮೊದಲು ಕರಿ ಮರಿ ಯಾರ ಮಡಿಲಲ್ಲಿದೆ ಅಂತ ಹುಡುಕುತ್ತೇನೆ. ಆಮೇಲೆ ಗಡವ ಎಷ್ಟು ದೂರದಲ್ಲಿ ಕೂತಿದೆ ಅಂತ.